ಜಾಗ ತಪ್ಪೋ, ಮ್ಯಾಪ್ ತಪ್ಪೋ, ದಾರಿ ತಪ್ಪೋ: ಕಾರಿನ ಜಿಪಿಎಸ್ ದೋಷ ಹುಡುಕುವ ಬಗೆ

ಕಾರಿನ ಜಿಪಿಎಸ್ ಕೈಕೊಟ್ಟಾಗ ಬಾಯಿಗೆ ಬರುವುದು ಒಂದೇ ಮಾತು: "ಜಿಪಿಎಸ್ ಕೆಟ್ಟಿದೆ." ಸ್ಕ್ರೀನಿನಲ್ಲಿ ಕಾರನ್ನು ತೋರಿಸುವ ಬಾಣ ಕೆರೆಯ ನಡುವೆ ನಿಂತರೂ ಅದೇ ಮಾತು. ಇಲ್ಲದ ರಸ್ತೆಗೆ ತಿರುಗಿ ಎಂದರೂ ಅದೇ ಮಾತು. ಸ್ಕ್ರೀನೇ ಬೆಳಗದಿದ್ದರೂ ಅದೇ ಮಾತು. ಆದರೆ ಇವು ಮೂರು ಬೇರೆ ಬೇರೆ ಕಾಯಿಲೆಗಳು. ಒಂದರ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ.

ನನ್ನದಲ್ಲದೆ ನೆಂಟರು, ಸ್ನೇಹಿತರ ಸಾಧನಗಳನ್ನೂ ಸರಿಮಾಡಲು ಹಲವು ಸಲ ಕೂತಿದ್ದೇನೆ. ಅದರಿಂದ ಕಲಿತದ್ದು ಇಷ್ಟು. ಬಿಚ್ಚುವ ಮೊದಲು, ರೀಸೆಟ್ ಒತ್ತುವ ಮೊದಲು, ತಪ್ಪಿರುವುದು ಯಾವುದು ಎಂದು ಕೇಳಿಕೊಳ್ಳಬೇಕು. ಜಾಗ ತಪ್ಪೋ, ಮ್ಯಾಪ್ ತಪ್ಪೋ, ದಾರಿ ತಪ್ಪೋ?

ಸಾಧನದೊಳಗೆ ನಡೆಯುವುದು ಮೂರು ಕೆಲಸ. ಉಪಗ್ರಹಗಳ ಸಿಗ್ನಲ್ ಹಿಡಿದು ತಾನು ಎಲ್ಲಿದ್ದೇನೆ ಎಂದು ಲೆಕ್ಕ ಹಾಕುವುದು ಮೊದಲನೆಯದು. ಆ ಜಾಗವನ್ನು ತನ್ನೊಳಗಿನ ಮ್ಯಾಪಿನ ಮೇಲೆ ಕೂರಿಸುವುದು ಎರಡನೆಯದು. ಅಲ್ಲಿಂದ ನೀವು ಹೇಳಿದ ಕಡೆಗೆ ದಾರಿ ಆರಿಸುವುದು ಮೂರನೆಯದು. ಉಪಗ್ರಹಕ್ಕೆ ಸಂಬಂಧ ಇರುವುದು ಮೊದಲ ಕೆಲಸಕ್ಕೆ ಮಾತ್ರ. ಅದಕ್ಕೆ ನಿಮ್ಮ ರಸ್ತೆಯೂ ಗೊತ್ತಿಲ್ಲ, ನೀವು ಎಲ್ಲಿಗೆ ಹೊರಟಿದ್ದೀರಿ ಎಂಬುದೂ ಗೊತ್ತಿಲ್ಲ. ಅದು ಕಳಿಸುವುದು ಸಮಯ ಮತ್ತು ಉಪಗ್ರಹಗಳ ಕಕ್ಷೆಯ ವಿವರ, ಅಷ್ಟೇ.

ಯಾವ ಕೆಲಸ ತಪ್ಪಿದೆ ಎಂದು ತಿಳಿಯಲು ಐದು ನಿಮಿಷ ಸಾಕು. ಮರ, ಕಟ್ಟಡ ಇಲ್ಲದ ಬಯಲಿನಲ್ಲಿ ಕಾರು ನಿಲ್ಲಿಸಿ. ಸಾಧನದ ಉಪಗ್ರಹ ಪುಟ ತೆರೆಯಿರಿ. ಬಹಳಷ್ಟು ಸಾಧನಗಳಲ್ಲಿ ಸಿಗ್ನಲ್ ಗುರುತನ್ನು ಸ್ವಲ್ಪ ಹೊತ್ತು ಒತ್ತಿ ಹಿಡಿದರೆ ಅಥವಾ ಸೆಟ್ಟಿಂಗ್ಸ್ ಒಳಗೆ ಹುಡುಕಿದರೆ ಅದು ಸಿಗುತ್ತದೆ. ಅಲ್ಲಿ ಅಕ್ಷಾಂಶ, ರೇಖಾಂಶದ ಅಂಕಿ ಇರುತ್ತದೆ. ಅದನ್ನು ಇನ್ನೊಂದು ಫೋನಿನ ಅಂಕಿಯ ಜೊತೆ ಹೋಲಿಸಿ. ಎರಡರಲ್ಲೂ ದಶಮಾಂಶದ ನಾಲ್ಕನೇ ಅಂಕಿಯವರೆಗೆ ಹೆಚ್ಚುಕಡಿಮೆ ಒಂದೇ ಇದ್ದರೆ ಜಾಗ ಸರಿಯಾಗಿದೆ. ಅಕ್ಷಾಂಶದಲ್ಲಿ 0.0001 ಡಿಗ್ರಿ ಎಂದರೆ ಸುಮಾರು 11 ಮೀಟರ್, ಹಾಗಾಗಿ ನಾಲ್ಕನೇ ಅಂಕಿಯಲ್ಲಿ ಒಂದು ಹೆಚ್ಚು ಒಂದು ಕಡಿಮೆ ಆದರೆ ಗಾಬರಿ ಬೇಡ.

ಅಂಕಿ ಸರಿ ಇದ್ದೂ ಬಾಣ ಖಾಲಿ ಜಾಗದಲ್ಲಿ ನಿಂತಿದ್ದರೆ ತಪ್ಪು ಮ್ಯಾಪಿನದು. ಅಂಕಿಯೂ ಸರಿ, ರಸ್ತೆಯೂ ಸರಿ, ಆದರೂ ಸುತ್ತು ಬಳಸಿ ಕರೆದೊಯ್ಯುತ್ತಿದ್ದರೆ ತಪ್ಪು ದಾರಿಯ ಸೆಟ್ಟಿಂಗ್ಸ್‌ನದು. ಅಂಕಿಯೇ ತಪ್ಪಿದ್ದರೆ, ಅಥವಾ ಅಂಕಿಯೇ ಬರದಿದ್ದರೆ, ಆಗ ಮಾತ್ರ ಸಿಗ್ನಲ್ ಕಡೆ ಹೋಗಿ. ಈ ಒಂದು ಪರೀಕ್ಷೆಯನ್ನು ಬಿಟ್ಟು ಮುಂದೆ ಹೋಗಬೇಡಿ.

ಇನ್ನೆರಡು ನಿಯಮ ಇವೆ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಇಲ್ಲದಿದ್ದರೆ ಯಾವುದರಿಂದ ಸರಿಹೋಯಿತು ಎಂದು ಗೊತ್ತಾಗುವುದಿಲ್ಲ. ಓಡಿಸುತ್ತಾ ಯಾವುದನ್ನೂ ಮುಟ್ಟಬೇಡಿ. ಚಲಿಸುತ್ತಲೇ ನೋಡಬೇಕಾದ ದೋಷವಾದರೆ ಪಕ್ಕದಲ್ಲಿ ಒಬ್ಬರನ್ನು ಕೂರಿಸಿಕೊಳ್ಳಿ.

ಸ್ಕ್ರೀನೇ ಬರುತ್ತಿಲ್ಲ, ಅಥವಾ ಮಧ್ಯೆ ಮಧ್ಯೆ ಆರುತ್ತದೆ

ಇಲ್ಲಿ ಉಪಗ್ರಹದ ಮಾತೇ ಬೇಡ. ಕರೆಂಟಿನಿಂದ ಶುರು ಮಾಡಿ.

ಮೊದಲು ಸಾಕೆಟ್‌ಗೆ ಬೇರೆ ಏನಾದರೂ ಸಿಕ್ಕಿಸಿ ನೋಡಿ. ಅದೂ ನಡೆಯದಿದ್ದರೆ ಕಾರಿನ ಫ್ಯೂಸ್ ಪೆಟ್ಟಿಗೆಯಲ್ಲಿ ಆ ಸಾಕೆಟ್ಟಿನ ಫ್ಯೂಸ್ ಹೋಗಿರುತ್ತದೆ. ಬೇರೆಯದು ನಡೆದರೆ ಚಾರ್ಜರ್ ಪ್ಲಗ್ಗಿನ ತುದಿಯನ್ನು ತಿರುಗಿಸಿ ಬಿಚ್ಚಿ. ಹಲವು ಪ್ಲಗ್ಗುಗಳೊಳಗೆ ಸಣ್ಣ ಗಾಜಿನ ಫ್ಯೂಸ್ ಇರುತ್ತದೆ. ಅದು ಸುಟ್ಟಿದ್ದರೆ ಅಷ್ಟೇ ಆಂಪಿಯರಿನ ಇನ್ನೊಂದನ್ನು ಹಾಕಿ, ಜಾಸ್ತಿಯದನ್ನು ಹಾಕಬೇಡಿ. ಸಾಕೆಟ್ಟಿನ ತಳದಲ್ಲಿ ಧೂಳು ಅಥವಾ ನಾಣ್ಯ ಸೇರಿಕೊಂಡಿರುವುದೂ ಉಂಟು.

ಎಂಜಿನ್ ಸ್ಟಾರ್ಟ್ ಮಾಡುವಾಗ ಮಾತ್ರ ಸಾಧನ ಆರಿ ಮತ್ತೆ ಹೊತ್ತಿಕೊಂಡರೆ ಇಡೀ ಸಾಧನ ಕೆಟ್ಟಿದೆ ಎಂದಲ್ಲ. ಸ್ಟಾರ್ಟರ್ ಮೋಟರ್ ಕರೆಂಟು ಎಳೆದಾಗ ವೋಲ್ಟೇಜ್ ಕುಸಿಯುತ್ತದೆ. ಸಾಧನದ ಒಳಗಿನ ಬ್ಯಾಟರಿ ಗಟ್ಟಿಯಾಗಿದ್ದರೆ ಆ ಒಂದೆರಡು ಕ್ಷಣವನ್ನು ಅದು ತಡೆದುಕೊಳ್ಳುತ್ತದೆ. ತಡೆದುಕೊಳ್ಳುತ್ತಿಲ್ಲ ಎಂದರೆ ಒಳಗಿನ ಬ್ಯಾಟರಿ ಮುಪ್ಪಾಗಿದೆ.

ಕೇಬಲ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಏಕೆಂದರೆ ಇಲ್ಲಿ ಎಡವಿದವರು ಬಹಳ. ಕಾರಿಗೆಂದೇ ಕೊಟ್ಟ ಕೇಬಲ್ ಕಳೆದುಹೋದಾಗ ನಾವು ಮನೆಯಲ್ಲಿರುವ ಯಾವುದೋ ಯುಎಸ್‌ಬಿ ಕೇಬಲ್ ಹಾಕುತ್ತೇವೆ. ಕೆಲವು ಹಳೆಯ ಸಾಧನಗಳು ಆಗ ತಮ್ಮನ್ನು ಕಂಪ್ಯೂಟರಿಗೆ ಜೋಡಿಸಿದ್ದಾರೆ ಎಂದು ತಿಳಿದು, ಕಂಪ್ಯೂಟರಿನ ಚಿತ್ರ ತೋರಿಸಿ ನಿಂತುಬಿಡುತ್ತವೆ. ಮ್ಯಾಪೇ ಬರುವುದಿಲ್ಲ. ಕಾರಿನ ಕೇಬಲ್ಲಿನ ಪ್ಲಗ್ಗಿನಲ್ಲಿ ಇದು ಬರೀ ಕರೆಂಟು ಎಂದು ಸಾಧನಕ್ಕೆ ತಿಳಿಸುವ ಜೋಡಣೆ ಇರುತ್ತದೆ, ಸಾದಾ ಕೇಬಲ್ಲಿನಲ್ಲಿ ಇರುವುದಿಲ್ಲ. ನನ್ನ ಹಳೆಯ ಸಾಧನವೂ ಹೀಗೆ ನಿಂತಾಗ ಎರಡು ದಿನ ಸಾಫ್ಟ್‌ವೇರ್ ಹಾಳಾಗಿದೆ ಎಂದೇ ನಂಬಿದ್ದೆ. ಸರಿಯಾದ ಕೇಬಲ್ ಹಾಕಿದ ಕೂಡಲೇ ಮ್ಯಾಪ್ ಬಂತು.

ಚಾರ್ಜ್ ಗುರುತು ಬಂದಿದ್ದರೂ ಓಡುತ್ತಾ ಓಡುತ್ತಾ ಬ್ಯಾಟರಿ ಇಳಿಯುತ್ತಿದ್ದರೆ ಕೇಬಲ್ ತೀರಾ ಸಣ್ಣ ತಂತಿಯದ್ದೋ, ಉದ್ದದ್ದೋ ಆಗಿರುತ್ತದೆ. ಅಥವಾ ಚಾರ್ಜರ್ ಸಾಕಷ್ಟು ಕರೆಂಟು ಕೊಡುತ್ತಿಲ್ಲ. ದಪ್ಪ, ಚಿಕ್ಕ ಕೇಬಲ್ ಹಾಕಿ ನೋಡಿ. ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನಲ್ಲಿ ಚಾರ್ಜ್ ನಿಂತುಹೋದರೆ ಅದು ಬ್ಯಾಟರಿಯನ್ನು ಕಾಪಾಡುವ ಏರ್ಪಾಡು, ತಣ್ಣಗಾದ ಮೇಲೆ ತಾನೇ ಶುರುವಾಗುತ್ತದೆ. ಆದರೆ ಸಾಧನದ ಬೆನ್ನು ಉಬ್ಬಿದ್ದರೆ, ಸ್ಕ್ರೀನ್ ಅಂಚಿನಲ್ಲಿ ಎದ್ದಿದ್ದರೆ, ಅಲ್ಲಿಗೆ ನಿಲ್ಲಿಸಿ. ಒತ್ತಬೇಡಿ, ಚುಚ್ಚಬೇಡಿ, ಚಾರ್ಜಿಗೆ ಹಾಕಬೇಡಿ. ಉಬ್ಬಿದ ಲಿಥಿಯಂ ಬ್ಯಾಟರಿ ಹೊತ್ತಿಕೊಳ್ಳಬಹುದು.

ಸಿಗ್ನಲ್ ಹುಡುಕುತ್ತಲೇ ಇದೆ

ಮೊದಲಿಗೆ ಒಂದು ಸಣ್ಣ ವಿಷಯ. ಸಿಮ್ಯುಲೇಶನ್ ಅಥವಾ ಡೆಮೊ ಎಂಬ ಆಯ್ಕೆ ಆನ್ ಆಗಿದೆಯಾ ನೋಡಿ. ಆನ್ ಆಗಿದ್ದರೆ ಸಾಧನ ಉಪಗ್ರಹದ ಕಡೆ ತಿರುಗಿಯೂ ನೋಡುವುದಿಲ್ಲ. ನೀವು ನಿಂತಿದ್ದರೂ ಬಾಣ ತಾನೇ ಓಡುತ್ತಿರುತ್ತದೆ. ಇನ್ನೊಬ್ಬರಿಂದ ಕೊಂಡ ಸಾಧನದಲ್ಲಿ ಇದನ್ನು ಮೊದಲೇ ನೋಡಿಬಿಡಿ.

ಅದಲ್ಲದಿದ್ದರೆ ಕಾಯುವುದು ಎಷ್ಟು ಹೊತ್ತು ಸಹಜ ಎಂದು ತಿಳಿದಿರಬೇಕು. ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿ.ಮೀ. ಎತ್ತರದಲ್ಲಿವೆ. ಸಾಧನ ತನ್ನ ಜಾಗವನ್ನೂ ಎತ್ತರವನ್ನೂ ಲೆಕ್ಕ ಹಾಕಲು ಕನಿಷ್ಠ ನಾಲ್ಕು ಉಪಗ್ರಹ ಬೇಕು. ಮೂರು ಸಾಲದೇ ಎಂದು ಕೇಳಬಹುದು. ಸಾಧನದ ಗಡಿಯಾರ ಅಷ್ಟು ನಿಖರವಲ್ಲ, ಅದರ ತಪ್ಪನ್ನು ಕಂಡುಹಿಡಿಯಲು ನಾಲ್ಕನೆಯದು ಬೇಕು. ಒಂದು ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಪಾಲು ತಪ್ಪಿದರೂ ದೂರ 300 ಮೀಟರ್ ತಪ್ಪುತ್ತದೆ.

ಉಪಗ್ರಹ ಎಲ್ಲಿದೆ ಎಂಬ ಸರಿಯಾದ ವಿವರವನ್ನು ಆ ಉಪಗ್ರಹವೇ ಹೇಳಬೇಕು. ಜಿಪಿಎಸ್‌ನ ಹಳೆಯ ಸಿಗ್ನಲ್ಲಿನಲ್ಲಿ ಅದು ಹೇಳುವ ವೇಗ ಸೆಕೆಂಡಿಗೆ 50 ಬಿಟ್ ಮಾತ್ರ. ಆ ವಿವರ 30 ಸೆಕೆಂಡಿಗೊಮ್ಮೆ ಮರಳಿ ಬರುತ್ತದೆ, ಸುಮಾರು ನಾಲ್ಕು ಗಂಟೆ ಬಾಳುತ್ತದೆ. ಎಲ್ಲ ಉಪಗ್ರಹಗಳ ಒರಟು ಪಟ್ಟಿ ಪೂರ್ತಿ ಸಿಗಲು 12.5 ನಿಮಿಷ ಬೇಕು. ಅಂದರೆ ಒಂದೆರಡು ಗಂಟೆ ಹಿಂದೆ ಬಳಸಿದ ಸಾಧನ ಕೆಲವೇ ಸೆಕೆಂಡಿನಲ್ಲಿ ಜಾಗ ಹೇಳುತ್ತದೆ. ತಿಂಗಳುಗಟ್ಟಲೆ ಡ್ರಾಯರಿನಲ್ಲಿದ್ದದ್ದು, ಅಥವಾ ಆಫ್ ಮಾಡಿ ನೂರಾರು ಕಿ.ಮೀ. ಸಾಗಿಸಿದ್ದು, ಹಲವು ನಿಮಿಷ ತೆಗೆದುಕೊಂಡರೆ ಅದು ಕೆಟ್ಟಿಲ್ಲ.

ನಾವು ಮಾಡುವ ತಪ್ಪು ಏನೆಂದರೆ, ಸಾಧನ ಆನ್ ಮಾಡಿದ ತಕ್ಷಣ ಕಾರು ಹೊರಡಿಸುವುದು. ಆ 30 ಸೆಕೆಂಡಿನ ವಿವರ ಇಳಿಯುವಾಗ ಮಧ್ಯೆ ಒಂದು ಮರವೋ ಕಟ್ಟಡವೋ ಅಡ್ಡ ಬಂದರೆ ತುಂಡಾಗುತ್ತದೆ. ಮತ್ತೆ ಮುಂದಿನ ಸುತ್ತಿಗೆ ಕಾಯಬೇಕು. ಹೀಗೆ ತುಂಡಾಗುತ್ತಾ ಹೋದರೆ ನಿಂತಲ್ಲೇ ಒಂದು ನಿಮಿಷದಲ್ಲಿ ಆಗುವ ಕೆಲಸ ಓಡುವಾಗ ಹದಿನೈದು ನಿಮಿಷ ಹಿಡಿಯಬಹುದು. ಬಹುದಿನ ಬಿಟ್ಟ ಸಾಧನವಾದರೆ ಬಯಲಿನಲ್ಲಿ ನಿಲ್ಲಿಸಿ, ಹದಿನೈದು ನಿಮಿಷ ಸುಮ್ನೆ ಬಿಡಿ.

ಹಾಗೆ ಬಿಟ್ಟೂ ಸಿಗ್ನಲ್ ಬರಲಿಲ್ಲವೇ? ಸಾಧನವನ್ನು ಕೈಯಲ್ಲಿ ಹಿಡಿದು ಕಾರಿನಿಂದ ಹೊರಗೆ ಬನ್ನಿ. ಹೊರಗೆ ಸಿಗ್ನಲ್ ಬಂದು ಒಳಗೆ ಬರದಿದ್ದರೆ ತೊಂದರೆ ಇರುವುದು ಕಾರಿನಲ್ಲಿ, ಸಾಧನದಲ್ಲಲ್ಲ. ಆಗ ಗಾಜಿನ ಮೇಲೆ ಅನುಮಾನ ಇಡಿ. ಬಿಸಿಲು ತಡೆಯಲೆಂದು ಕೆಲವು ಕಾರುಗಳ ಮುಂದಿನ ಗಾಜಿಗೆ ತೆಳುವಾದ ಲೋಹದ ಲೇಪ ಇರುತ್ತದೆ. ಕೆಲವರು ಆಮೇಲೆ ಅಂಟಿಸುವ ಫಿಲ್ಮಿನಲ್ಲೂ ಲೋಹ ಇರುತ್ತದೆ. ಮೊದಲೇ ಬಡವಾದ ಸಿಗ್ನಲ್ ಅಲ್ಲೇ ಸೋತುಹೋಗುತ್ತದೆ. ಲೇಪದ ಗಾಜಿನಲ್ಲಿ ಸಾಮಾನ್ಯವಾಗಿ ಹಿನ್ನೋಟದ ಕನ್ನಡಿಯ ಹತ್ತಿರ ಲೇಪವಿಲ್ಲದ ಒಂದು ಕಿಂಡಿ ಬಿಟ್ಟಿರುತ್ತಾರೆ. ನೋಟಕ್ಕೆ ಅಡ್ಡವಾಗದಂತೆ ಸಾಧನವನ್ನು ಆ ಕಿಂಡಿಯ ಹತ್ತಿರ ತಂದು ನೋಡಿ. ಆಗಲೂ ಆಗದಿದ್ದರೆ, ನಿಮ್ಮ ಸಾಧನಕ್ಕೆ ಹೊರಗಿನ ಆಂಟೆನಾ ಜೋಡಿಸುವ ತೂತು ಇದೆಯಾ ನೋಡಿ.

ನಿನ್ನೆವರೆಗೆ ಚೆನ್ನಾಗಿತ್ತು, ಇವತ್ತು ಸಿಗ್ನಲ್ ಇಲ್ಲ

ಇದು ನನಗೆ ತುಂಬಾ ಪಾಠ ಕಲಿಸಿದ ದೋಷ. ಗಾಜು ಬದಲಾಗಿಲ್ಲ, ಸಾಧನ ಬಿದ್ದಿಲ್ಲ, ಆದರೂ ಉಪಗ್ರಹ ಪುಟದಲ್ಲಿ ಸಿಗ್ನಲ್ಲಿನ ಬಲ ತೋರಿಸುವ ಬಾರುಗಳು (ಪಟ್ಟಿಗಳು) ಎಲ್ಲಾ ಕುಗ್ಗಿವೆ. ಹೊಸದಾಗಿ ಕಾರಿಗೆ ಏನು ಸೇರಿತು ಎಂದು ನೆನಪಿಸಿಕೊಳ್ಳಿ. ಡ್ಯಾಶ್‌ಕ್ಯಾಮ್, ಯುಎಸ್‌ಬಿ ಚಾರ್ಜರ್, ಎಲ್‌ಇಡಿ ದೀಪ, ಹೊಸ ಸ್ಟೀರಿಯೊ?

ಜಿಪಿಎಸ್‌ನ ಮುಖ್ಯ ಸಿಗ್ನಲ್ 1575.42 ಮೆಗಾಹರ್ಟ್ಸ್‌ನಲ್ಲಿ ಬರುತ್ತದೆ. ಉಪಗ್ರಹ ಅದನ್ನು ಕಳಿಸುವುದು ಕೆಲವೇ ಹತ್ತು ವ್ಯಾಟ್ ಶಕ್ತಿಯಲ್ಲಿ. ಅಷ್ಟು ದೂರ ಬಂದು ನೆಲ ಮುಟ್ಟುವ ಹೊತ್ತಿಗೆ ಅದು ಹಿನ್ನೆಲೆಯ ರೇಡಿಯೋ ಗದ್ದಲಕ್ಕಿಂತಲೂ ಕೆಳಗಿರುತ್ತದೆ. ತನಗೆ ಗೊತ್ತಿರುವ ಸಂಕೇತದ ಮಾದರಿಯನ್ನು ಹೋಲಿಸಿ ಹೋಲಿಸಿ ಸಾಧನ ಅದನ್ನು ಹೆಕ್ಕಿ ತೆಗೆಯುತ್ತದೆ. ಇಂಥ ಕಡೆ ಒಂದು ಅಗ್ಗದ ಚಾರ್ಜರ್ ಅರ್ಧ ಅಡಿ ದೂರದಲ್ಲಿ ಗದ್ದಲ ಎಬ್ಬಿಸಿದರೆ ಮುಗಿಯಿತು. ಚಾರ್ಜರ್ ಕಾರಿನ 12 ವೋಲ್ಟನ್ನು 5 ವೋಲ್ಟಿಗೆ ಇಳಿಸುವುದು ಕರೆಂಟನ್ನು ಸೆಕೆಂಡಿಗೆ ಹತ್ತಾರು ಸಾವಿರದಿಂದ ಲಕ್ಷಗಟ್ಟಲೆ ಸಲ ಆನ್ ಆಫ್ ಮಾಡಿ. ಒಳಗೆ ಸರಿಯಾದ ಫಿಲ್ಟರ್, ತಡೆ ಇಲ್ಲದಿದ್ದರೆ ಅದರ ಗದ್ದಲ ತಂತಿಯ ಮೂಲಕ ಹೊರಗೆ ಸೋರುತ್ತದೆ.

ಸ್ನೇಹಿತರೊಬ್ಬರ ಕಾರಿನಲ್ಲಿ ಹೀಗೇ ಆಗಿತ್ತು. ಆಂಟೆನಾ ಹೋಗಿದೆ ಎಂದುಕೊಂಡು ಸಾಧನವನ್ನೇ ಬದಲಿಸಿದ್ದರು. ಹೊಸದರಲ್ಲೂ ಅದೇ ಗೋಳು. ನಾನು ನೋಡಲು ಹೋದಾಗ ಉಪಗ್ರಹ ಪುಟ ತೆರೆದಿಟ್ಟು, ಕಾರಿನಲ್ಲಿ ಸಿಕ್ಕಿಸಿದ್ದನ್ನೆಲ್ಲಾ ಕಿತ್ತೆವು. ಬಾರುಗಳು ಒಂದೊಂದಾಗಿ ಎದ್ದವು. ಆಮೇಲೆ ಒಂದೊಂದನ್ನೇ ಮರಳಿ ಸಿಕ್ಕಿಸುತ್ತಾ ಬಂದೆವು. ಡ್ಯಾಶ್‌ಕ್ಯಾಮ್ ಹಚ್ಚಿದ ಕೂಡಲೇ ಎಲ್ಲಾ ಬಾರುಗಳೂ ಒಟ್ಟಿಗೆ ಇಳಿದವು. ಕ್ಯಾಮೆರಾದ ಕೇಬಲ್ಲನ್ನು ಗಾಜಿನ ಇನ್ನೊಂದು ಅಂಚಿನಿಂದ ಇಳಿಸಿ, ಎರಡರ ನಡುವೆ ಎರಡಡಿ ಅಂತರ ಬಿಟ್ಟ ಮೇಲೆ ಸಿಗ್ನಲ್ ಮತ್ತೆ ಸ್ಥಿರವಾಯಿತು.

ನೀವೂ ಹಾಗೇ ಮಾಡಿ. ಉಪಗ್ರಹ ಪುಟದಲ್ಲಿ ಪ್ರತಿ ಉಪಗ್ರಹದ ಪಕ್ಕ ಒಂದು ಅಂಕಿ ಇದ್ದರೆ ಅದು ಡಿಬಿ-ಹರ್ಟ್ಸ್ ಲೆಕ್ಕದಲ್ಲಿ ಸಿಗ್ನಲ್ಲಿನ ಬಲ. ಬಯಲಿನಲ್ಲಿ ತಲೆಯ ಮೇಲಿನ ಉಪಗ್ರಹಗಳಿಗೆ 40ರ ಆಸುಪಾಸು ಅಥವಾ ಅದಕ್ಕಿಂತ ಮೇಲೆ ಇರುವುದು ಆರೋಗ್ಯದ ಲಕ್ಷಣ. ಎಲ್ಲವೂ 30ಕ್ಕಿಂತ ಕೆಳಗಿದ್ದರೆ ಏನೋ ಅಡ್ಡ ಬಂದಿದೆ. ಒಂದೆರಡು ಉಪಗ್ರಹ ಮಾತ್ರ ಕುಗ್ಗಿದ್ದರೆ ಆ ದಿಕ್ಕಿನಲ್ಲಿ ಕಟ್ಟಡವೋ ಕಾರಿನ ಗಾಜಿನ ಪಕ್ಕದ ಕಂಬವೋ ಮರೆಯಾಗಿದೆ. ಎಲ್ಲವೂ ಒಂದೇ ಸಲ ಕುಗ್ಗಿದರೆ ಅದು ಗದ್ದಲ. ಈ ವ್ಯತ್ಯಾಸ ಒಂದು ಗೊತ್ತಿದ್ದರೆ ಅರ್ಧ ರಿಪೇರಿ ಆದಂತೆ.

ಸಾಧನವನ್ನು ಒಳಗಿನ ಬ್ಯಾಟರಿಯಲ್ಲೇ ನಡೆಸಿ ನೋಡುವುದನ್ನೂ ಮರೆಯಬೇಡಿ. ಚಾರ್ಜರ್ ಕಿತ್ತಾಗ ಸಿಗ್ನಲ್ ಸುಧಾರಿಸಿದರೆ ಕಳ್ಳ ಸಿಕ್ಕಂತೆಯೇ.

ದಿನಾಂಕ ಇಪ್ಪತ್ತು ವರ್ಷ ಹಿಂದೆ ಹೋಗಿದೆ

ಹಳೆಯ ಸಾಧನ ಇಟ್ಟುಕೊಂಡವರು ಇದನ್ನು ಓದಲೇಬೇಕು. ಜಿಪಿಎಸ್ ವಾರಗಳನ್ನು ಎಣಿಸುವುದು 1980ರ ಜನವರಿ 6ರಿಂದ. ಹಳೆಯ ಸಿಗ್ನಲ್ಲಿನಲ್ಲಿ ಆ ಎಣಿಕೆಗೆ ಇರುವ ಜಾಗ 10 ಬಿಟ್, ಅಂದರೆ 1024 ವಾರ. ಅಷ್ಟು ವಾರ ತುಂಬಿದ ಮೇಲೆ ಎಣಿಕೆ ಮತ್ತೆ ಸೊನ್ನೆಗೆ ಬರುತ್ತದೆ. 1999ರ ಆಗಸ್ಟ್‌ನಲ್ಲಿ ಒಮ್ಮೆ, 2019ರ ಏಪ್ರಿಲ್‌ನಲ್ಲಿ ಇನ್ನೊಮ್ಮೆ ಹೀಗಾಯಿತು. ಮುಂದಿನದು 2038ರ ನವೆಂಬರ್‌ನಲ್ಲಿ.

ಸಾಧನದ ಫರ್ಮ್‌ವೇರ್ (ಅದರೊಳಗೇ ಕೂತಿರುವ ಮೂಲ ಸಾಫ್ಟ್‌ವೇರ್) ಇದನ್ನು ನಿಭಾಯಿಸದಿದ್ದರೆ ಅದರ ದಿನಾಂಕ 1024 ವಾರ, ಅಂದರೆ ಸುಮಾರು 19.6 ವರ್ಷ ಹಿಂದಕ್ಕೆ ಜಾರುತ್ತದೆ. ಕೆಲವು ತಯಾರಕರು 1024 ವಾರವನ್ನು ಫರ್ಮ್‌ವೇರ್ ಬರೆದ ದಿನದಿಂದ ಎಣಿಸುವಂತೆ ಮಾಡಿದ್ದಾರೆ. ಹಾಗಾಗಿ ಅಂಥ ಸಾಧನ 2019ರಲ್ಲಿ ಅಲ್ಲ, ಬೇರೆ ಯಾವುದೋ ಒಂದು ಸಾಮಾನ್ಯ ದಿನ ಇದ್ದಕ್ಕಿದ್ದಂತೆ ಎಡವಬಹುದು. ಜಾಗದ ಲೆಕ್ಕ ಬಹುತೇಕ ಸರಿಯಾಗಿಯೇ ಇರುತ್ತದೆ. ತಲುಪುವ ಸಮಯ, ರಾತ್ರಿ ಹಗಲಿನ ಬಣ್ಣ, ಟ್ರಾಫಿಕ್ ಮಾಹಿತಿ ಇವು ಕೆಡುತ್ತವೆ. ಕೆಲವದರಲ್ಲಿ ಉಪಗ್ರಹ ಹುಡುಕುವುದೂ ನಿಧಾನವಾಗುತ್ತದೆ, ಏಕೆಂದರೆ ತಪ್ಪು ದಿನಾಂಕ ಹಿಡಿದು ಆಕಾಶದಲ್ಲಿ ತಪ್ಪು ಕಡೆ ಹುಡುಕುತ್ತದೆ.

ಇದಕ್ಕೆ ಮದ್ದು ಫರ್ಮ್‌ವೇರ್ ಅಪ್‌ಡೇಟ್ ಒಂದೇ. ಕೈಯಿಂದ ದಿನಾಂಕ ತಿದ್ದಿದರೆ ಸಿಗ್ನಲ್ ಬಂದ ಕೂಡಲೇ ಮತ್ತೆ ಹಳೆಯದಕ್ಕೇ ಹೋಗುತ್ತದೆ. ದಿನಾಂಕ ಸರಿಯಿದ್ದು ಗಂಟೆ ಮಾತ್ರ ತಪ್ಪಿದ್ದರೆ ಗಾಬರಿ ಬೇಡ, ಅದು ಟೈಮ್ ಝೋನ್ ಸೆಟ್ಟಿಂಗ್.

ಬಾಣ ಪಕ್ಕದ ರಸ್ತೆಗೆ ಹಾರುತ್ತದೆ

ಕಾರು ಫ್ಲೈಓವರ್ ಮೇಲಿದೆ, ಸಾಧನ ಕೆಳಗಿನ ಸರ್ವಿಸ್ ರಸ್ತೆಯಲ್ಲಿ ತೋರಿಸುತ್ತಿದೆ. "ಎಡಕ್ಕೆ ತಿರುಗಿ" ಎನ್ನುತ್ತದೆ, ಎಡಕ್ಕೆ ಬರೀ ತಡೆಗೋಡೆ. ಇದು ಎಲ್ಲರಿಗೂ ಆಗಿರುತ್ತದೆ, ಅಲ್ವಾ?

ಬಯಲಿನಲ್ಲೂ ಸಾಮಾನ್ಯ ಫೋನಿನ ಜಾಗದ ಲೆಕ್ಕ ಕೆಲವು ಮೀಟರ್ ಆಚೆ ಈಚೆ ಇರುತ್ತದೆ. ಎರಡು ರಸ್ತೆಗಳ ನಡುವಿನ ಅಂತರವೇ ಅಷ್ಟಿದ್ದರೆ ಬರೀ ಸಿಗ್ನಲ್ ನಂಬಿ ಹೇಳಲಾಗದು. ಎತ್ತರದ ಲೆಕ್ಕ ಇನ್ನೂ ಒರಟು, ಏಕೆಂದರೆ ಸಿಗ್ನಲ್ ಹಿಡಿದ ಉಪಗ್ರಹಗಳೆಲ್ಲಾ ನಮ್ಮ ಮೇಲ್ಗಡೆಯೇ ಇವೆ, ಕೆಳಗಡೆಯಿಂದ ಅಳೆಯಲು ಯಾವುದೂ ಇಲ್ಲ. ಹಾಗಾಗಿ ಸಾಧನ ಊಹೆ ಮಾಡುತ್ತದೆ. ನೀವು ಇಲ್ಲಿಯವರೆಗೆ ಬಂದ ದಾರಿ, ವೇಗ, ತಿರುಗಿದ ದಿಕ್ಕು ನೋಡಿ ಹತ್ತಿರದ ರಸ್ತೆಗೆ ಬಾಣವನ್ನು ಅಂಟಿಸುತ್ತದೆ. ಊಹೆ ಒಮ್ಮೆ ತಪ್ಪಿದರೆ ಮುಂದಿನ ತಿರುವಿನವರೆಗೆ ತಪ್ಪೇ.

ಎತ್ತರದ ಕಟ್ಟಡಗಳ ನಡುವೆ ಇದು ಜಾಸ್ತಿ. ಅಲ್ಲಿ ಸಿಗ್ನಲ್ ಗೋಡೆಗೆ ಬಡಿದು ಸುತ್ತಿ ಬರುತ್ತದೆ. ಸುತ್ತಿ ಬಂದದ್ದು ತಡವಾಗಿ ಬರುತ್ತದೆ, ತಡವಾದದ್ದನ್ನು ಸಾಧನ ದೂರ ಎಂದು ಓದುತ್ತದೆ. ನಿಂತ ಕಾರಿನ ಬಾಣ ಅಲೆದಾಡುವುದಕ್ಕೂ ಹೆಚ್ಚಾಗಿ ಇದೇ ಕಾರಣ. 2018ರಿಂದ ಕೆಲವು ಫೋನುಗಳು 1176.45 ಮೆಗಾಹರ್ಟ್ಸ್‌ನ ಎರಡನೇ ಸಿಗ್ನಲ್ಲನ್ನೂ ಹಿಡಿಯುತ್ತಿವೆ. ಸುತ್ತಿ ಬಂದದ್ದನ್ನು ನೇರವಾಗಿ ಬಂದದ್ದರಿಂದ ಬೇರ್ಪಡಿಸುವುದು ಆ ಸಿಗ್ನಲ್ಲಿನಲ್ಲಿ ಸುಲಭ. ಗ್ಲೋನಾಸ್, ಗೆಲಿಲಿಯೋ, ಬೈಡೌ, ನಾವಿಕ್ ಇಂಥ ಬೇರೆ ಕೂಟಗಳ ಉಪಗ್ರಹಗಳನ್ನು ಹಿಡಿಯುವ ಆಯ್ಕೆ ನಿಮ್ಮ ಸಾಧನದಲ್ಲಿದ್ದರೆ ಆನ್ ಮಾಡಿಡಿ. ಕಟ್ಟಡಗಳ ಸಂದಿಯಲ್ಲಿ ಕಾಣುವ ತುಂಡು ಆಕಾಶದಲ್ಲಿ ಹೆಚ್ಚು ಉಪಗ್ರಹ ಸಿಕ್ಕಷ್ಟೂ ಒಳ್ಳೆಯದು.

ಇದನ್ನು ಪೂರ್ತಿ ನಿಲ್ಲಿಸುವ ಸೆಟ್ಟಿಂಗ್ ಇಲ್ಲ. ಅಂಥ ಜಾಗಕ್ಕೆ ಬರುವ ಮೊದಲೇ ರೂಟ್ ನೋಡಿಕೊಂಡು, ಅಲ್ಲಿ ರಸ್ತೆಯ ಫಲಕವನ್ನು ನಂಬುವುದೇ ಸರಿ. ಫಲಕ ಒಂದು ಹೇಳಿ ಸಾಧನ ಇನ್ನೊಂದು ಹೇಳಿದರೆ ನಾನು ಯಾವಾಗಲೂ ಫಲಕದ ಕಡೆ.

ಹೊರಡುವಾಗ ಬಾಣ ಹಿಂದುಮುಂದಾಗಿ ನಿಂತಿದ್ದರೆ ಅದು ದೋಷವಲ್ಲ. ಜಿಪಿಎಸ್‌ಗೆ ಗೊತ್ತಿರುವುದು ನೀವು ಎಲ್ಲಿದ್ದೀರಿ ಎಂದು ಮಾತ್ರ, ಯಾವ ಕಡೆ ಮುಖ ಮಾಡಿದ್ದೀರಿ ಎಂದಲ್ಲ. ಕೆಲವು ಮೀಟರ್ ಓಡಿದ ಮೇಲೆ ದಿಕ್ಕು ತಾನೇ ತಿಳಿಯುತ್ತದೆ. ಫೋನಿನಲ್ಲಿ ದಿಕ್ಸೂಚಿ ಇರುತ್ತದೆ, ಆದರೆ ಅಯಸ್ಕಾಂತದ ಸ್ಟ್ಯಾಂಡಿನಲ್ಲಿ ಇಟ್ಟರೆ ಅದೂ ದಾರಿ ತಪ್ಪುತ್ತದೆ.

ಮ್ಯಾಪೇ ಹಳೆಯದು, ಅಥವಾ ಅಪ್‌ಡೇಟ್ ಪೂರ್ತಿಯಾಗುತ್ತಿಲ್ಲ

ಬಾಣ ರಸ್ತೆಯಿಲ್ಲದ ಬಯಲಿನಲ್ಲಿ ಹೋಗುತ್ತಿದ್ದರೆ, ನೀವು ಹೋಗುತ್ತಿರುವ ರಸ್ತೆ ಮ್ಯಾಪ್ ಆದ ಮೇಲೆ ಹುಟ್ಟಿದೆ. ಮ್ಯಾಪಿನ ಆವೃತ್ತಿಯ ವರ್ಷ ನೋಡಿ, ಅಪ್‌ಡೇಟ್ ಮಾಡಿ. ಅದಕ್ಕಿಂತ ಬೇರೆ ದಾರಿಯಿಲ್ಲ.

ಅಪ್‌ಡೇಟ್ ಅರ್ಧಕ್ಕೇ ನಿಂತರೆ ಮೊದಲು ಜಾಗ ಸಾಕಾ ನೋಡಿ. ಹಳೆಯ ಸಾಧನಗಳ ಒಳಗಿನ ಮೆಮೊರಿಯಲ್ಲಿ ಈಗಿನ ಮ್ಯಾಪ್ ಹಿಡಿಯುವುದಿಲ್ಲ. ಬೇಡದ ಭಾಷೆಯ ಧ್ವನಿಗಳನ್ನು, ಹೋಗದ ಪ್ರದೇಶದ ಮ್ಯಾಪುಗಳನ್ನು ತೆಗೆದರೆ ಕೆಲವೊಮ್ಮೆ ಸಾಲುತ್ತದೆ. ಇಲ್ಲದಿದ್ದರೆ ಮೆಮೊರಿ ಕಾರ್ಡ್ ಬೇಕು. ಕಾರ್ಡಿನ ಪಕ್ಕದ ಸಣ್ಣ ಲಾಕ್ ಗುಂಡಿ ಕೆಳಗೆ ಜಾರಿದ್ದರೆ ಅದರ ಮೇಲೆ ಏನೂ ಬರೆಯಲಾಗುವುದಿಲ್ಲ. ಎಫ್‌ಎಟಿ32 ರೀತಿಯಲ್ಲಿ ಫಾರ್ಮ್ಯಾಟ್ ಆದ ಕಾರ್ಡಿನಲ್ಲಿ 4 ಜಿಬಿಗಿಂತ ದೊಡ್ಡ ಒಂದು ಫೈಲ್ ಕೂರುವುದಿಲ್ಲ, ಎಷ್ಟೇ ಜಾಗ ಖಾಲಿ ಇದ್ದರೂ. ಬರೆಯುತ್ತಿರುವಾಗ ಕೇಬಲ್ ಕಿತ್ತರೆ ಮ್ಯಾಪ್ ಫೈಲ್ ಮುರಿಯುತ್ತದೆ, ಆಮೇಲೆ "ಮ್ಯಾಪ್ ಇಲ್ಲ" ಎಂಬ ಸಂದೇಶ ಬರುತ್ತದೆ. ಆಗ ಮೊದಲಿನಿಂದ ಮತ್ತೆ ಹಾಕಬೇಕು.

ಇಪ್ಪತ್ತೆರಡು ಕಿ.ಮೀ. ದೂರ ಬಿಟ್ಟಿತು

ಅಂಕಿ ಹಾಕಿ ಜಾಗ ಹುಡುಕುವವರಿಗೆ ಇದು ಬರುವ ತೊಂದರೆ. ಯಾರೋ 12 ಡಿಗ್ರಿ 30 ನಿಮಿಷ ಎಂದು ಕೊಟ್ಟಿರುತ್ತಾರೆ. ನೀವು 12.30 ಎಂದು ಬರೆಯುತ್ತೀರಿ. ಒಂದು ಡಿಗ್ರಿಗೆ 60 ನಿಮಿಷ, ಹಾಗಾಗಿ 30 ನಿಮಿಷ ಎಂದರೆ ಅರ್ಧ ಡಿಗ್ರಿ, ಅದು 12.50 ಆಗಬೇಕು. 0.2 ಡಿಗ್ರಿ ತಪ್ಪಿತು. ಅಕ್ಷಾಂಶದಲ್ಲಿ ಒಂದು ಡಿಗ್ರಿ ಸುಮಾರು 111 ಕಿ.ಮೀ., ಅಂದರೆ ನೀವು 22 ಕಿ.ಮೀ. ಆಚೆ ಹೋಗಿ ನಿಲ್ಲುತ್ತೀರಿ. ಸಾಧನದ ಸೆಟ್ಟಿಂಗ್ಸ್‌ನಲ್ಲಿ ಅಂಕಿಯ ರೂಪ ಯಾವುದಿದೆ ನೋಡಿ, ಕೊಟ್ಟವರು ಯಾವ ರೂಪದಲ್ಲಿ ಕೊಟ್ಟರು ಕೇಳಿ. ಅಕ್ಷಾಂಶ ರೇಖಾಂಶ ಅದಲು ಬದಲಾದರೆ ಬಾಣ ಸಮುದ್ರಕ್ಕೋ ಬೇರೆ ದೇಶಕ್ಕೋ ಹಾರುತ್ತದೆ, ಅದು ಕೂಡಲೇ ಗೊತ್ತಾಗುತ್ತದೆ. ಇಪ್ಪತ್ತೆರಡು ಕಿ.ಮೀ. ತಪ್ಪು ಗೊತ್ತಾಗುವುದು ತಲುಪಿದ ಮೇಲೆಯೇ.

ವಿಳಾಸ ಬರೆದಾಗಲೂ ಎಚ್ಚರ ಬೇಕು. ಒಂದೇ ಹೆಸರಿನ ಊರು ಎರಡಿರಬಹುದು. ಮನೆ ನಂಬರ್ ಮ್ಯಾಪಿನಲ್ಲಿ ಇಲ್ಲದಿದ್ದರೆ ಹಲವು ಸಾಧನಗಳು ಬಾಯಿ ಬಿಡದೆ ರಸ್ತೆಯ ಮಧ್ಯಕ್ಕೋ ಊರಿನ ಮಧ್ಯಕ್ಕೋ ಕರೆದೊಯ್ಯುತ್ತವೆ. ಹೊರಡುವ ಮೊದಲು ಒಟ್ಟು ದೂರವನ್ನೂ ಕೊನೆಯ ಚುಕ್ಕಿಯನ್ನೂ ಒಮ್ಮೆ ಹಿಗ್ಗಿಸಿ ನೋಡಿ.

ಹುಚ್ಚು ದಾರಿ

ಹೆದ್ದಾರಿ ಪಕ್ಕದಲ್ಲೇ ಇದ್ದರೂ ಕಾಲುದಾರಿಯಂಥ ರಸ್ತೆಗೆ ನುಗ್ಗಿಸುತ್ತದೆಯೇ? "ಅತಿ ಹತ್ತಿರದ ದಾರಿ" ಆಯ್ಕೆ ಆಗಿರುತ್ತದೆ. ಅದನ್ನು "ಬೇಗ ತಲುಪುವ ದಾರಿ" ಎಂದು ಬದಲಿಸಿ. ಹೆದ್ದಾರಿಯನ್ನೇ ಮುಟ್ಟದೆ ಸುತ್ತುತ್ತಿದ್ದರೆ ಟೋಲ್ ಬೇಡ, ಹೆದ್ದಾರಿ ಬೇಡ ಎಂಬ ಗುರುತುಗಳನ್ನು ನೋಡಿ. ವಾಹನದ ಬಗೆಯನ್ನೂ ನೋಡಿ. ನಡಿಗೆ, ಸೈಕಲ್, ಲಾರಿ ಎಂದು ಇದ್ದರೆ ದಾರಿಯೇ ಬೇರೆ ಬರುತ್ತದೆ. ಹಿಂದಿನ ಪ್ರಯಾಣದಲ್ಲಿ ಸೇರಿಸಿದ ನಡುವಿನ ನಿಲ್ದಾಣವೊಂದು ಅಳಿಸದೆ ಉಳಿದಿದ್ದರೂ ಹೀಗಾಗುತ್ತದೆ. ಈ ಎಲ್ಲವನ್ನೂ ಒಂದೊಂದಾಗಿ ಹುಡುಕುವ ತಾಳ್ಮೆ ಇಲ್ಲದಿದ್ದರೆ ದಾರಿಯ ಆಯ್ಕೆಗಳನ್ನಷ್ಟೇ ಮೂಲ ಸ್ಥಿತಿಗೆ ತಂದು ಮತ್ತೆ ಹುಡುಕಿಸಿ.

ವೇಗದ ಬಗ್ಗೆ ಬಹಳ ಜನ ಕೇಳುತ್ತಾರೆ. ಸಾಧನ ತೋರಿಸುವ ವೇಗ ಕಾರಿನ ಮೀಟರಿಗಿಂತ ಕಡಿಮೆ ಇದ್ದರೆ ಎರಡೂ ಸರಿಯಾಗಿಯೇ ಇವೆ. ವಿಶ್ವಸಂಸ್ಥೆಯ 39ನೇ ವಾಹನ ನಿಯಮದ ಪ್ರಕಾರ ಕಾರಿನ ಮೀಟರ್ ನಿಜವಾದ ವೇಗಕ್ಕಿಂತ ಕಡಿಮೆ ತೋರಿಸುವಂತಿಲ್ಲ, ಹೆಚ್ಚು ತೋರಿಸಬಹುದು. ಹಾಗಾಗಿ ತಯಾರಕರು ಅದನ್ನು ಸ್ವಲ್ಪ ಮುಂದೆಯೇ ಇಟ್ಟಿರುತ್ತಾರೆ.

ಫೋನ್ ಬಳಸುವವರಿಗೆ

ಫೋನಿನಲ್ಲಿ ಬಾಣದ ಸುತ್ತ ದೊಡ್ಡ ವೃತ್ತ ಕಂಡರೆ ಫೋನಿಗೇ ತನ್ನ ಜಾಗ ಖಚಿತವಿಲ್ಲ ಎಂದರ್ಥ. ಆ್ಯಪ್‌ಗೆ ನಿಖರ ಜಾಗ ನೋಡುವ ಅನುಮತಿ ಇದೆಯಾ ನೋಡಿ. ಐಫೋನ್‌ಗಳಲ್ಲಿ 2020ರಿಂದ, ಆಂಡ್ರಾಯ್ಡ್‌ನಲ್ಲಿ 2021ರಿಂದ ಬರೀ ಅಂದಾಜು ಜಾಗ ಕೊಡುವ ಆಯ್ಕೆ ಬಂದಿದೆ. ಅನುಮತಿ ಕೇಳಿದಾಗ ಅವಸರದಲ್ಲಿ ಅದನ್ನು ಒತ್ತಿರುತ್ತೇವೆ. ಬ್ಯಾಟರಿ ಉಳಿಸುವ ಮೋಡ್ ಆನ್ ಇದ್ದರೆ ಬಾಣ ಬಿಟ್ಟು ಬಿಟ್ಟು ನೆಗೆಯಬಹುದು. ಇಂಟರ್ನೆಟ್ ಇಲ್ಲದ ಕಡೆ ಮೊದಲ ಜಾಗ ಸಿಗಲು ತಡವಾಗುತ್ತದೆ, ಏಕೆಂದರೆ ಫೋನ್ ಉಪಗ್ರಹದ ವಿವರವನ್ನು ಸಾಮಾನ್ಯವಾಗಿ ಇಂಟರ್ನೆಟ್ಟಿನಿಂದ ಇಳಿಸಿಕೊಳ್ಳುತ್ತದೆ. ಉಪಗ್ರಹದ ಸಿಗ್ನಲ್ಲಿಗೇ ಇಂಟರ್ನೆಟ್ ಬೇಡ. ಮ್ಯಾಪನ್ನು ಮೊದಲೇ ಇಳಿಸಿಟ್ಟಿದ್ದರೆ ನೆಟ್‌ವರ್ಕ್ ಇಲ್ಲದ ಕಡೆಯೂ ದಾರಿ ಸಿಗುತ್ತದೆ.

ಧ್ವನಿಯ ಮೊದಲ ಪದ ಮಾತ್ರ ನುಂಗಿಹೋಗುತ್ತಿದ್ದರೆ ಅದು ಬ್ಲೂಟೂತ್. ಕಾರಿನ ಸ್ಪೀಕರ್ ಎಚ್ಚರಗೊಳ್ಳುವಷ್ಟರಲ್ಲಿ "ಎಡಕ್ಕೆ" ಮುಗಿದು "ತಿರುಗಿ" ಮಾತ್ರ ಕೇಳಿಸುತ್ತದೆ. ಧ್ವನಿಯನ್ನು ಫೋನಿನ ಸ್ಪೀಕರಿನಿಂದಲೇ ಬರುವಂತೆ ಮಾಡಿ.

ಕಾರಿನಲ್ಲೇ ಕೂರಿಸಿದ ಸಾಧನ

ಇವುಗಳಲ್ಲಿ ಜಿಪಿಎಸ್ ಜೊತೆಗೆ ಚಕ್ರದ ವೇಗ ಮತ್ತು ಕಾರು ತಿರುಗುವುದನ್ನು ಅಳೆಯುವ ಗೈರೊ ಸೆನ್ಸರ್ ಕೂಡ ಕೆಲಸ ಮಾಡುತ್ತಿರಬಹುದು. ಸುರಂಗದೊಳಗೂ ಬಾಣ ಓಡುವುದು ಅದರಿಂದಲೇ. ಬೇರೆ ಅಳತೆಯ ಟೈರ್ ಹಾಕಿಸಿದ ಮೇಲೆ ಸುರಂಗದಲ್ಲಿ ಬಾಣ ಮುಂದೆಯೋ ಹಿಂದೆಯೋ ಉಳಿಯಬಹುದು. ಕಾರನ್ನು ಲಾರಿಯ ಮೇಲೋ ದೋಣಿಯ ಮೇಲೋ ಸಾಗಿಸಿದ ಮೇಲೂ ಗೊಂದಲವಾಗಬಹುದು, ಚಕ್ರ ತಿರುಗದೆ ಜಾಗ ಬದಲಾಗಿರುತ್ತದೆ. ಬಯಲಿನ ರಸ್ತೆಯಲ್ಲಿ ಕೆಲವು ಕಿ.ಮೀ. ಓಡಿಸಿದರೆ ಸಾಮಾನ್ಯವಾಗಿ ತಾನೇ ಸರಿಹೋಗುತ್ತದೆ.

ಸ್ಟೀರಿಯೊ ಅಥವಾ ಗಾಜಿನ ಕೆಲಸ ಮಾಡಿಸಿದ ಮೇಲೆ ಉಪಗ್ರಹ ಸೊನ್ನೆಗೆ ಇಳಿದಿದ್ದರೆ ಹಿಂಬದಿಯ ಆಂಟೆನಾ ಪ್ಲಗ್ ಕಳಚಿದೆ, ಅಥವಾ ಆಂಟೆನಾವನ್ನು ಲೋಹದ ಕೆಳಗೆ ತುರುಕಿದ್ದಾರೆ. ಅದರ ಮುಖ ಆಕಾಶದ ಕಡೆ ಇರಬೇಕು. ಮಲ್ಟಿಮೀಟರ್ ಇದ್ದರೆ ಆಂಟೆನಾ ಕಿತ್ತು, ಸಾಧನದ ಕಡೆಯ ಸಾಕೆಟ್ಟಿನಲ್ಲಿ ನಡುವಿನ ಪಿನ್ನಿಗೂ ಹೊರಗಿನ ಲೋಹಕ್ಕೂ ಅಳೆಯಿರಿ. ಸಾಮಾನ್ಯವಾಗಿ 3ರಿಂದ 5 ವೋಲ್ಟ್ ಬರಬೇಕು. ಎರಡನ್ನೂ ಒಟ್ಟಿಗೆ ತಾಗಿಸದಂತೆ ನೋಡಿಕೊಳ್ಳಿ. ವೋಲ್ಟೇಜ್ ಇದೆ, ಉಪಗ್ರಹ ಇಲ್ಲ ಎಂದರೆ ಆಂಟೆನಾ ಅಥವಾ ಅದರ ತಂತಿ ಹೋಗಿದೆ. ವೋಲ್ಟೇಜೇ ಇಲ್ಲ ಎಂದರೆ ಸಾಧನದೊಳಗಿನ ತೊಂದರೆ.

ರೀಸೆಟ್ ಕೊನೆಗೆ

ಸಾಧನ ಹೆಪ್ಪುಗಟ್ಟಿದಂತೆ ನಿಂತಿದ್ದರೆ ಪವರ್ ಗುಂಡಿಯನ್ನು ಆರಿಹೋಗುವವರೆಗೆ ಒತ್ತಿ ಹಿಡಿಯಿರಿ. ಕೆಲವಕ್ಕೆ ಹತ್ತು ಸೆಕೆಂಡು, ಕೆಲವಕ್ಕೆ ಅರ್ಧ ನಿಮಿಷವೂ ಬೇಕು. ಇದರಿಂದ ನಿಮ್ಮ ಮಾಹಿತಿ ಏನೂ ಅಳಿಯುವುದಿಲ್ಲ. ಫ್ಯಾಕ್ಟರಿ ರೀಸೆಟ್ ಹಾಗಲ್ಲ. ಅದು ಉಳಿಸಿಟ್ಟ ಜಾಗಗಳನ್ನು ಅಳಿಸಿಬಿಡಬಹುದು. ವರ್ಷಗಟ್ಟಲೆ ಕೂಡಿಟ್ಟ ಜಾಗಗಳು ಕ್ಷಣದಲ್ಲಿ ಹೋದಾಗ ಆಗುವ ಬೇಸರವನ್ನು ನಾನು ನೋಡಿದ್ದೇನೆ. ಮೊದಲು ಅವುಗಳನ್ನು ಕಂಪ್ಯೂಟರಿಗೋ ಕಾಗದಕ್ಕೋ ಇಳಿಸಿಕೊಳ್ಳಿ.

ರೀಸೆಟ್ ಆದ ಮೇಲೆ ಸಾಧನಕ್ಕೆ ಉಪಗ್ರಹಗಳ ಪಟ್ಟಿಯೂ ಮರೆತಿರಬಹುದು. ಚಾರ್ಜರ್ ಕಿತ್ತು, ಬಯಲಿನಲ್ಲಿ, ಕಾರಿನ ಹೊರಗೆ, ಮುಖ ಮೇಲೆ ಮಾಡಿ ಹದಿನೈದು ನಿಮಿಷ ಇಡಿ. ಆಗಲೂ ಒಂದೇ ಒಂದು ಬಾರ್ ಏಳದಿದ್ದರೆ, ಬೇರೆ ದಿನ ಬೇರೆ ಜಾಗದಲ್ಲಿ ಇನ್ನೊಮ್ಮೆ ನೋಡಿ. ಮತ್ತೂ ಸೊನ್ನೆಯೇ ಬಂದರೆ ಒಳಗಿನ ಆಂಟೆನಾದ ಬೆಸುಗೆ ಬಿಟ್ಟಿರಬಹುದು ಅಥವಾ ರಿಸೀವರ್ ಚಿಪ್ ಹೋಗಿರಬಹುದು. ಒಮ್ಮೆ ಕೆಳಗೆ ಬಿದ್ದ ಸಾಧನವಾದರೆ ನನ್ನ ಮೊದಲ ಅನುಮಾನ ಬೆಸುಗೆಯ ಮೇಲೆ. ರಿಪೇರಿಯವರಿಗೆ ಕೊಡುವಾಗ ಬಿದ್ದದ್ದನ್ನು ಮುಚ್ಚಿಡದೆ ಹೇಳಿ, ಬಿಚ್ಚಿದ ಕೂಡಲೇ ಅವರು ಅಲ್ಲೇ ನೋಡುತ್ತಾರೆ.